ರಾಯರ ಕೆಂಪು ಪೆನ್ಸಿಲು

ಪೆನ್ಷನ್ ಬಂದ ಮೇಲೆ ಮನುಷ್ಯನಿಗೆ ವೃತ್ತಪತ್ರಿಕೆಯೇ ಕಛೇರಿಯಾಗುತ್ತದೆ. ಅದರಲ್ಲಿಯೂ ಇಂಜಿನಿಯರಾಗಿದ್ದವನಿಗೆ ಅದು ಕೇವಲ ಪತ್ರಿಕೆಯಲ್ಲ, ಮಂಜೂರಾತಿಗಾಗಿ ಮೇಜಿನ ಮೇಲೆ ಬಂದು ಬಿದ್ದ ಅಂದಾಜುಪಟ್ಟಿ. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿರುವ ರಾಯರು 1964ರಲ್ಲಿ ಲೋಕೋಪಯೋಗಿ ಇಲಾಖೆಯನ್ನು ಸೇರಿ, ಮೂವತ್ತಾರು ವರ್ಷ ಕಟ್ಟೆ ಕಾಲುವೆಗಳ ನಡುವೆ ಅಲೆದು, 2000ದಲ್ಲಿ ನಿವೃತ್ತರಾದರು. ಅಂದಿನಿಂದ ಪ್ರತಿದಿನ ಬೆಳಗ್ಗೆ ಆರೂವರೆಗೆ ಜಗಲಿಯ ಬೆತ್ತದ ಕುರ್ಚಿಯಲ್ಲಿ ಅವರ ಕಛೇರಿ ಆರಂಭವಾಗುತ್ತದೆ. ರಜೆಯೆಂಬುದಿಲ್ಲ. ಯುಗಾದಿಯ ಮರುದಿನ ಪತ್ರಿಕೆ ಬಾರದಿದ್ದರೆ ಹಿಂದಿನ ದಿನದ್ದನ್ನೇ ಪುನಃ ಪರಿಶೀಲಿಸುತ್ತಾರೆ.

ಈ ಕಛೇರಿಗೆ ಬೇಕಾದ ಸಲಕರಣೆ ಒಂದೇ: ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿಯಾಗಿರುವ ಪೆನ್ಸಿಲು. ಆಕ್ಷೇಪಣೆಗೆ ಕೆಂಪು, ಒಪ್ಪಿಗೆಗೆ ನೀಲಿ. ಕೆಂಪಿನ ತುದಿ ತಿಂಗಳೊಪ್ಪತ್ತಿನಲ್ಲಿ ಸವೆದು ಹೋಗುತ್ತದೆ. ನೀಲಿಯ ತುದಿ ಮಾತ್ರ ಅಂಗಡಿಯಿಂದ ತಂದಂತೆಯೇ ಚೂಪಾಗಿ ಉಳಿದಿರುತ್ತದೆ. ಹೀಗೆ ಉಳಿದ ಅರ್ಧ ಪೆನ್ಸಿಲುಗಳನ್ನು ಅವರ ಪತ್ನಿ ಒಂದು ಹಾರ್ಲಿಕ್ಸ್ ಶೀಷೆಯಲ್ಲಿ ತುಂಬಿಟ್ಟಿದ್ದಾರೆ. ಬಂದವರು ಅದೇನೆಂದು ಕೇಳಿದರೆ, "ನಮ್ಮ ಯಜಮಾನರು ಒಪ್ಪದೆ ಬಿಟ್ಟದ್ದು" ಎಂದು ಆಕೆ ಹೇಳುವುದುಂಟು.

ರಾಯರ ಅಭಿಪ್ರಾಯಗಳು ಬೀದಿಗೆಲ್ಲ ತಿಳಿದಿವೆ. "ಏಷ್ಯಾದಲ್ಲಿಯೇ ಪ್ರಥಮ" ಎಂಬ ಮಾತು ಎಲ್ಲಿ ಕಂಡರೂ ಅದರ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ನೆಲದೊಳಗೆ ರಸ್ತೆ ಕೊರೆಯುವ ಯೋಜನೆಯ ಸುದ್ದಿ ಬಂದ ದಿನ, ಅವರು ಅದರ ವೆಚ್ಚದ ಅಂಕಿಯನ್ನು ನೋಡಲೇ ಇಲ್ಲ. "ಸುರಂಗವೆಂದರೆ ಮೇಲೆ ಮುಚ್ಚಿಗೆಯಿರುವ ಕಾಲುವೆ. ಮಳೆನೀರು ತಾನಾಗಿ ಇಳಿಯುತ್ತದೆ, ತಾನಾಗಿ ಹತ್ತುವುದಿಲ್ಲ. ಪಂಪುಗಳಿಗೆ ಹತ್ತನೆಯ ವರ್ಷ ಯಾರು ಎಣ್ಣೆ ಹಾಕುತ್ತಾರೆ, ಅದನ್ನು ಬರೆದಿದ್ದಾರೆಯೇ ನೋಡಿ" ಎಂದು ಎದುರು ಮನೆಯ ಮೇಷ್ಟರ ಕೈಗೆ ಪತ್ರಿಕೆಯನ್ನು ಕೊಟ್ಟರು. ಬರೆದಿರಲಿಲ್ಲ. ರಸ್ತೆಯ ಗುಂಡಿಗಳನ್ನು ಇನ್ನು ಮುಂದೆ ಕೃತಕ ಬುದ್ಧಿಮತ್ತೆಯೇ ಪತ್ತೆ ಹಚ್ಚುವುದೆಂದು ಮತ್ತೊಂದು ದಿನ ಓದಿದಾಗ ಅವರು ನಕ್ಕುಬಿಟ್ಟರು. "ಗುಂಡಿ ಎಲ್ಲಿದೆಯೆಂಬುದು ತಿಳಿಯದೆ ಯಾರು ಕುಳಿತಿದ್ದಾರೆ, ಮೇಷ್ಟ್ರೇ? ಅದು ನನ್ನ ಮಂಡಿಗೇ ಗೊತ್ತು. ಜಲ್ಲಿ ಹಾಕುವ ಬುದ್ಧಿಮತ್ತೆ ಎಲ್ಲಿಯಾದರೂ ಸಿಕ್ಕೀತೇ ಎಂದು ಕೇಳಿ."

ಅವರು ಹೊಸದನ್ನೆಲ್ಲ ಹಳಿಯುವ ಜಾತಿಯ ಮುದುಕರೆಂದು ಇದರಿಂದ ತಿಳಿಯಬಾರದು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ನೌಕೆ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದಾಗ ಬೀದಿಯ ಹುಡುಗರಿಗೆಲ್ಲ ಮೈಸೂರುಪಾಕು ಹಂಚಿದವರು ರಾಯರೇ. ಮರುದಿನ ನೀಲಿ ಪೆನ್ಸಿಲು ಎಂದೂ ಕಾಣದಷ್ಟು ಸವೆಯಿತು. ಆದರೆ ಅವರು ಗೆರೆ ಎಳೆದದ್ದು ಇಳಿದ ವರ್ಣನೆಗಲ್ಲ. 2019ರ ಸೆಪ್ಟೆಂಬರಿನಲ್ಲಿ ಹಿಂದಿನ ನೌಕೆ ಇಳಿಯುವಾಗ ಅಪ್ಪಳಿಸಿ ಹಾಳಾಗಿತ್ತಷ್ಟೆ. ಆ ಸೋಲನ್ನು ಬಿಚ್ಚಿ ನೋಡಿ, ಕಾಲುಗಳನ್ನು ಬಲಪಡಿಸಿ, ಇಂಧನವನ್ನು ಹೆಚ್ಚಿಸಿ, ಅರ್ಧ ಕಿಲೋಮೀಟರು ಚದರವಿದ್ದ ಇಳಿದಾಣವನ್ನು ನಾಲ್ಕು ಕಿಲೋಮೀಟರು ಉದ್ದ, 2.4 ಕಿಲೋಮೀಟರು ಅಗಲಕ್ಕೆ ಹಿಗ್ಗಿಸಿದರೆಂಬ ಭಾಗಕ್ಕೆ. "ಏನೇನು ತಪ್ಪೀತು ಎಂದು ಮೊದಲೇ ಪಟ್ಟಿ ಮಾಡಿ, ಅದಕ್ಕೆ ತಕ್ಕಂತೆ ಕಟ್ಟಿದ್ದಾರೆ. ಇದು ವಿದ್ಯೆ" ಎಂದರು. ಅವರ ಮೊಮ್ಮಗಳು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದುತ್ತಿದ್ದವಳು, ಆ ವಾಕ್ಯವನ್ನು ತನ್ನ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು.

ಹೀಗೆ ಸಾಗುತ್ತಿದ್ದ ಕಛೇರಿ 2024ರ ಆಗಸ್ಟ್ 11ರ ಭಾನುವಾರ ನಿಂತುಹೋಯಿತು.

ಆ ದಿನ ಸುದ್ದಿ ಪತ್ರಿಕೆಯಲ್ಲಿ ಬರಲಿಲ್ಲ. ಹಿಂದಿನ ರಾತ್ರಿ ಬಹಳ ಹೊತ್ತಾಗಿತ್ತು. ಮೊಮ್ಮಗಳು ಮೊಬೈಲನ್ನು ಹಿಡಿದುಕೊಂಡು ಜಗಲಿಗೆ ಬಂದಳು. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟೆಯ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾಗಿ, ಗೇಟು ನದಿಯ ಪಾಲಾಗಿತ್ತು. ತುಂಬಿದ ಜಲಾಶಯದ ನೀರು ಆ ಒಂದು ಕಂಡಿಯಿಂದ ಬಿಳಿಯ ಗೋಡೆಯಂತೆ ಧುಮುಕುತ್ತಿತ್ತು. ರಾಯರು ಚಿತ್ರವನ್ನು ಒಂದು ಸಲ ನೋಡಿದರು, ಕನ್ನಡಕವನ್ನು ಒರೆಸಿಕೊಂಡು ಇನ್ನೊಂದು ಸಲ ನೋಡಿದರು. ಪೆನ್ಸಿಲು ಜೇಬಿನಿಂದ ಹೊರಗೆ ಬರಲಿಲ್ಲ.

ಮೇಷ್ಟರು ಎಂದಿನಂತೆ ಬಂದು ಕುಳಿತು, "ಒಂದು ಗೇಟು ಹೋದರೆ ಎಲ್ಲ ಗೇಟುಗಳನ್ನೂ ತೆರೆದಿದ್ದಾರಂತಲ್ಲ ರಾಯರೇ, ಇದೆಂಥ ಬುದ್ಧಿ?" ಎಂದು ಕೇಳಿದರು. ಆಗ ರಾಯರು ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಆ ಕಟ್ಟೆಗೆ 33 ಗೇಟುಗಳು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ನೀರು ಗೇಟಿನ ನೆತ್ತಿಯವರೆಗೆ ನಿಂತಾಗ ಒಂದೊಂದರ ಮೇಲೆ ಬೀಳುವ ಒತ್ತಡ ಸುಮಾರು 340 ಟನ್ನು. ಈ ಉಕ್ಕಿನ ಬಾಗಿಲನ್ನು ಸರಪಳಿಯಿಂದ ಮೇಲಕ್ಕೆಳೆಯುತ್ತಾರೆ. ಬಾವಿಯ ಏತದಂತೆ ಇನ್ನೊಂದು ಕಡೆ ಸಮತೂಕದ ಭಾರವಿರುತ್ತದೆ. ಸರಪಳಿಯ ಕೊಂಡಿಯೊಂದು ಕಿತ್ತರೆ ಏತವೂ ಇಲ್ಲ, ಬಾಗಿಲೂ ಇಲ್ಲ. ಒಂದೇ ಕಂಡಿಯಲ್ಲಿ ನುಗ್ಗುವ ರಭಸವನ್ನು ತಗ್ಗಿಸಿ, ನೀರಿನ ಮಟ್ಟವನ್ನು ಬೇಗ ಇಳಿಸುವುದಕ್ಕೆ ಉಳಿದ ಬಾಗಿಲುಗಳನ್ನೂ ತೆರೆಯಲೇಬೇಕಾಗುತ್ತದೆ. ಜಲಾಶಯದ ಪೂರ್ಣ ಮಟ್ಟ 1633 ಅಡಿ, ಗೇಟು ಕುಳಿತಿರುವ ಹೊಸ್ತಿಲು 1613 ಅಡಿ. ಹೊಸ್ತಿಲಿನವರೆಗೆ ನೀರಿಳಿಯಲೆಂದು ಕಾಯುತ್ತ ಕುಳಿತರೆ, ರಾಯಚೂರು ಕೊಪ್ಪಳ ಬಳ್ಳಾರಿಗಳ ಬತ್ತದ ಗದ್ದೆಗಳಿಗೂ ಗಡಿಯಾಚೆ ಆಂಧ್ರದ ರೈತರಿಗೂ ಸೇರಬೇಕಾದ ನೀರಿನ ಬಹುಪಾಲು ಹರಿದುಹೋಗುತ್ತದೆ.

ಮುಂದಿನ ಆರು ದಿನ ರಾಯರು ಊಟದ ನಡುವೆಯೂ ಟೆಲಿವಿಷನ್ನಿನ ಮುಂದೆ ಎದ್ದು ಹೋಗುತ್ತಿದ್ದರು. ಗೇಟುಗಳ ವಿಷಯದಲ್ಲಿ ನುರಿತ ಕನ್ನಯ್ಯ ನಾಯ್ಡು ಎಂಬ ತಜ್ಞರನ್ನು ಕರೆಸಿದ್ದರು, ಅವರೂ ನಿವೃತ್ತರು. ನೀರು ಹೊಸ್ತಿಲಿಗೆ ಇಳಿಯುವವರೆಗೆ ಕಾಯದೆ, ಹರಿಯುವ ನೀರಿನಲ್ಲಿಯೇ ಉಕ್ಕಿನ ಅಡ್ಡಹಲಗೆಗಳನ್ನು ಒಂದರ ಮೇಲೊಂದರಂತೆ ಇಳಿಸುವುದೆಂದು ಅವರು ನಿಶ್ಚಯಿಸಿದರು. ಸುತ್ತಿನ ಕಾರ್ಖಾನೆಗಳಲ್ಲಿ ಹಗಲಿರುಳು ಬೆಸುಗೆ ಹಾಕಿದ ಹಲಗೆಗಳು ಬಂದವು. ಆಗಸ್ಟ್ 16ರ ಸಂಜೆ ಮೊದಲನೆಯದು ಕುಳಿತಿತು. 17ರಂದು ಉಳಿದವೂ ಕುಳಿತು ಕಂಡಿ ಮುಚ್ಚಿತು. ಕ್ರೇನಿನ ಕೆಳಗೆ ನಿಂತಿದ್ದ ಕೆಲಸಗಾರರು ಒಬ್ಬರನ್ನೊಬ್ಬರು ತಬ್ಬಿಕೊಂಡಾಗ ಮೈಸೂರಿನ ಜಗಲಿಯಲ್ಲಿ ಎಂಬತ್ತು ದಾಟಿದ ಒಬ್ಬ ಮುದುಕರು ಟವೆಲಿನಿಂದ ಮುಖ ಮುಚ್ಚಿಕೊಂಡರು. ವರುಣನೂ ಕೈಬಿಡಲಿಲ್ಲ, ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬಿತು.

ಆಪತ್ತು ಕಳೆದ ಮೇಲೆ ಎಲ್ಲರಿಗೂ ನಾಲಗೆ ಬರುತ್ತದೆ. ರಾಯರಿಗೂ ಬಂತು. ಆ ಭಾನುವಾರ ಸಂಜೆ ಮೇಷ್ಟರು, "ಎಪ್ಪತ್ತು ವರ್ಷ ದುಡಿದ ಸರಪಳಿ, ಅದಕ್ಕೂ ಪೆನ್ಷನ್ ಬೇಡವೇ?" ಎಂದು ಹಾಸ್ಯ ಮಾಡಿದ್ದೇ ನೆಪವಾಯಿತು.

"ಪೆನ್ಷನ್ ಕೊಡಬೇಕಾದವರು ಯಾರು? ಸರಪಳಿ ತಾನಾಗಿ ಅರ್ಜಿ ಬರೆಯುತ್ತದೆಯೇ?" ಎಂದು ರಾಯರು ಆರಂಭಿಸಿದರು. ಕ್ಯಾಲಿಫೋರ್ನಿಯಾದ ಫಾಲ್ಸಮ್ ಕಟ್ಟೆಯ ಕಥೆ ಹೇಳಿದರು. ಅಲ್ಲಿ 1995ರ ಜುಲೈ 17ರಂದು ಮೂರನೆಯ ಗೇಟನ್ನು ಎತ್ತುತ್ತಿದ್ದಂತೆ ಅದರ ತೋಳು ಮುರಿದು, ಜಲಾಶಯದ ನೂರಕ್ಕೆ ನಲವತ್ತರಷ್ಟು ನೀರು ಹೊಳೆಗೆ ಹೋಯಿತು. ಜೀವಹಾನಿಯಾಗಲಿಲ್ಲ. ತನಿಖೆ ಮಾಡಿದವರು ಕಂಡದ್ದೇನು? ಗೇಟು ತಿರುಗುವ ಕೀಲಿನಲ್ಲಿ ತುಕ್ಕು ಹಿಡಿದು ಘರ್ಷಣೆ ವರ್ಷದಿಂದ ವರ್ಷಕ್ಕೆ ಏರುತ್ತ ಬಂದಿತ್ತು. ಗೇಟನ್ನು ರೂಪಿಸಿದವರು ಆ ಬಲವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಗ್ರೀಸು ತುಂಬುವ ಸರದಿಯೂ ಕಾಲ ಕಳೆದಂತೆ ವಿರಳವಾಗಿತ್ತು. "ಗ್ರೀಸು, ಮೇಷ್ಟ್ರೇ! ಅಷ್ಟು ದೊಡ್ಡ ದೇಶದಲ್ಲಿ, ಡಬ್ಬಿಯಲ್ಲಿ ಸಿಗುವ ಗ್ರೀಸು!"

ಅಲ್ಲಿಂದ ಮಾತು ನಮ್ಮ ಕೆರೆಗಳಿಗೆ ಇಳಿಯಿತು. ಹಿಂದೆ ಊರೂರಿಗೆ ನೀರಗಂಟಿಯಿರುತ್ತಿದ್ದ. ತೂಬು ಎತ್ತುವವನು, ಇಳಿಸುವವನು, ಏರಿಯ ಮೇಲೆ ಇಲಿಯ ಬಿಲ ಕಂಡರೆ ಊರಿಗೆ ಕೂಗಿ ಹೇಳುವವನು ಅವನೇ. ಆ ಕೆಲಸಕ್ಕೆ ಅವನಿಗೆ ಇನಾಂ ಭೂಮಿಯಿತ್ತು, ಕಣದಲ್ಲಿ ಮೊರ ಬತ್ತವಿತ್ತು. ಕೆರೆ ಒಡೆದರೆ ಅವನ ಗದ್ದೆಯೂ ಹೋಗುತ್ತಿತ್ತಾದ್ದರಿಂದ ಅವನಿಗೆ ಯಾವ ತಪಾಸಣೆಯ ನಮೂನೆಯೂ ಬೇಕಾಗಿರಲಿಲ್ಲ. (ಇದನ್ನು ಹೇಳುವಾಗ ರಾಯರು ನೀರಗಂಟಿಯ ಬಡತನವನ್ನು ಸ್ವಲ್ಪ ಮರೆತರೆಂಬುದು ನಿಜ, ಹಿಂದಿನದು ಯಾವಾಗಲೂ ದೂರದ ಬೆಟ್ಟ.) ಇನ್ನು ಹೊಸಪೇಟೆಯಲ್ಲಿಯೇ, ಆ ಕಟ್ಟೆಯ ಮಗ್ಗುಲಲ್ಲಿಯೇ, ಗೇಟುಗಳನ್ನು ತಯಾರಿಸುವುದಕ್ಕೆಂದು ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರ್ಕಾರೀ ಕಾರ್ಖಾನೆಯಿತ್ತು, ನಷ್ಟದಲ್ಲಿದೆಯೆಂದು 2015ರಲ್ಲಿ ಅದನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ದೇಶದಲ್ಲಿ ನೂರು ವರ್ಷ ದಾಟಿದ ದೊಡ್ಡ ಕಟ್ಟೆಗಳೇ ಇನ್ನೂರಕ್ಕೆ ಮೇಲ್ಪಟ್ಟು ಇವೆ. 2021ರಲ್ಲಿ ಅಣೆಕಟ್ಟೆಗಳ ಸುರಕ್ಷತೆಗೆ ಕಾನೂನೂ ಆಯಿತು. "ಕಾನೂನು ಒಳ್ಳೆಯದೇ. ಆದರೆ ಮಳೆಗಾಲಕ್ಕೆ ಮುಂಚೆ ಕಟ್ಟೆಯ ಮೇಲೆ ಹೋಗಿ ಸಹಿ ಹಾಕುವವನು ಒಬ್ಬ ಮನುಷ್ಯ. ಅವನು ಕಂಡದ್ದನ್ನು ಬರೆಯುತ್ತಾನೆಯೋ, ಬರೆಯಬೇಕಾದದ್ದನ್ನು ಕಾಣುತ್ತಾನೆಯೋ, ಅದು ಕಾನೂನಿಗೆ ಹೇಗೆ ತಿಳಿಯಬೇಕು?"

ಹೊಸ್ತಿಲ ಬಳಿ ಕುಳಿತು ಕೇಳುತ್ತಿದ್ದ ಮೊಮ್ಮಗಳು ತಲೆಯೆತ್ತಿದಳು.

"ತಾತ, ನೀವು ಯಾವಾಗಲೂ ಕಂಡದ್ದನ್ನೇ ಬರೆದಿರಾ?"

ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ಇಪ್ಪತ್ತು ವರ್ಷದ ಹುಡುಗಿ, ನಾಳೆ ತಾನೂ ಸಹಿ ಹಾಕುವವಳು, ತಿಳಿದುಕೊಳ್ಳುವುದಕ್ಕಾಗಿ ಕೇಳಿದಳು. ರಾಯರು "ಹೌದು" ಎನ್ನಬಹುದಾಗಿತ್ತು. ಮೇಷ್ಟರೂ ಅದನ್ನೇ ನಿರೀಕ್ಷಿಸಿದ್ದರು. ಆದರೆ ಅವರು ಬಹಳ ಹೊತ್ತು ಬೀದಿಯ ಕಡೆ ನೋಡುತ್ತಿದ್ದು, ಆಮೇಲೆ ಯಾವ ಪೀಠಿಕೆಯೂ ಇಲ್ಲದೆ ಹೇಳತೊಡಗಿದರು.

ಅದು 1986ರ ಮಾತು. ರಾಯರ ವಶದಲ್ಲಿದ್ದುದು ಒಂದು ನಡುಗಾತ್ರದ ಜಲಾಶಯ, ನಾಲ್ಕು ಗೇಟುಗಳು. ಗೇಟುಗಳನ್ನು ಉಕ್ಕಿನ ಹಗ್ಗದಿಂದ ಎತ್ತಬೇಕು. ಅಲ್ಲಿ ಗೇಟುಗಳನ್ನು ನೋಡಿಕೊಳ್ಳಲು ದಿನಗೂಲಿಯ ಒಬ್ಬ ಮುದುಕನಿದ್ದ. ಓದುಬರಹವಿಲ್ಲದಿದ್ದರೂ ಅವನಿಗೆ ಒಂದು ಪರೀಕ್ಷೆ ಗೊತ್ತಿತ್ತು: ಹಳೆಯ ಬಟ್ಟೆಯ ಚೂರನ್ನು ಹಗ್ಗದ ಸುತ್ತ ಹಿಡಿದು ಉದ್ದಕ್ಕೂ ಸವರಿಕೊಂಡು ಹೋಗುವುದು. ಹಗ್ಗದ ತಂತಿ ಎಲ್ಲಿ ತುಂಡಾಗಿದೆಯೋ ಅಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. 1983ರಲ್ಲಿ ಎರಡನೆಯ ಗೇಟಿನ ಹಗ್ಗದಲ್ಲಿ ಬಟ್ಟೆ ಎರಡು ಕಡೆ ನಿಂತಿತ್ತು. ರಾಯರು ಹಗ್ಗ ಬದಲಿಸಲು ಅಂದಾಜುಪಟ್ಟಿ ಕಳುಹಿಸಿದರು. ಅನುದಾನ ಲಭ್ಯವಾದಾಗ ಪರಿಶೀಲಿಸುವುದಾಗಿ ಉತ್ತರ ಬಂತು. ಮರುವರ್ಷ ಬಟ್ಟೆ ಐದು ಕಡೆ ನಿಂತಿತು, ಮತ್ತೆ ಬರೆದರು, ಅದೇ ಉತ್ತರ. ಮೂರನೆಯ ವರ್ಷವೂ ಹಾಗೆಯೇ. ನಾಲ್ಕನೆಯ ವರ್ಷ ಮುದುಕ ಬಟ್ಟೆಯನ್ನು ಸವರುತ್ತ ಸವರುತ್ತ ನಿಂತು, "ಸ್ವಾಮಿ, ಲೆಕ್ಕ ಇಟ್ಟಿಲ್ಲ" ಎಂದ.

ಅದೇ ತಿಂಗಳು ಮೇಲಧಿಕಾರಿಯೊಬ್ಬರು ಕರೆಸಿ ನಯವಾಗಿಯೇ ಹೇಳಿದರು. ಪ್ರತಿವರ್ಷವೂ ನೀವು ಹೀಗೆ ಬರೆಯುತ್ತೀರಿ, ಪ್ರತಿವರ್ಷವೂ ಕಟ್ಟೆ ನಿಂತಿದೆ. ಗೇಟು ಸರಿಯಿಲ್ಲವೆಂದು ಬರೆದರೆ ಈ ವರ್ಷ ನೀರನ್ನು ಪೂರ್ಣ ಮಟ್ಟಕ್ಕೆ ನಿಲ್ಲಿಸುವಂತಿಲ್ಲ. ನಿಲ್ಲಿಸದಿದ್ದರೆ ಕಾಲುವೆಯ ಕೊನೆಯ ಹಳ್ಳಿಗಳಿಗೆ ನೀರಿಲ್ಲ. ಆ ರೈತರಿಗೆ ಉತ್ತರ ಹೇಳುವವರು ನೀವೋ ನಾನೋ? ಇದರಲ್ಲಿ ಸುಳ್ಳೇನೂ ಇರಲಿಲ್ಲ. ಹಿಂದಿನ ಎರಡು ವರ್ಷ ಮಳೆ ಕೈಕೊಟ್ಟಿತ್ತು. ಆ ಹಳ್ಳಿಗಳವರು ಎತ್ತು ಮಾರಿಕೊಂಡದ್ದನ್ನು ರಾಯರು ಕಣ್ಣಾರೆ ಕಂಡಿದ್ದರು. ಜೊತೆಗೆ ಇನ್ನೊಂದು ಸಂಗತಿಯೂ ಇತ್ತು. ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೈಸೂರಿಗೆ ವರ್ಗ ಕೇಳಿದ್ದ ಅರ್ಜಿ ಆಗಲೇ ಅದೇ ಮೇಜಿನ ಮೇಲಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ತಪಾಸಣೆಯ ರಿಜಿಸ್ಟರಿನಲ್ಲಿ 'ಎರಡನೆಯ ಗೇಟು: ಸ್ಥಿತಿ ತೃಪ್ತಿಕರ' ಎಂದು ಬರೆದು ಸಹಿ ಹಾಕಿದೆ" ಎಂದರು ರಾಯರು. "ಮುದುಕ ಪಕ್ಕದಲ್ಲಿಯೇ ನಿಂತಿದ್ದ. ಏನು ಬರೆದಿರಿ ಸ್ವಾಮಿ ಎಂದು ಕೇಳಿದ. ಹಗ್ಗದ ವಿಷಯ ಬರೆದಿದ್ದೇನೆ ಎಂದೆ. ಅವನಿಗೆ ಓದುವುದಕ್ಕೆ ಬರುತ್ತಿರಲಿಲ್ಲ. ಕೈಮುಗಿದ."

ವರ್ಗದ ಆಜ್ಞೆ ಬರುವುದರೊಳಗೆ ಮಳೆಗಾಲ ಬಂತು. ಜಲಾಶಯ ತುಂಬಿತು. ಕೆಳಗಿನ ದಂಡೆಯಲ್ಲಿ ಒಂದು ಹಳ್ಳಿ. ಹೊಳೆಯ ಅಂಚಿನಲ್ಲಿಯೇ ಸ್ಕೂಲು. ರಾಯರು ಜೀಪಿನಲ್ಲಿ ಆ ದಾರಿಯಾಗಿ ಹೋಗುವಾಗಲೆಲ್ಲ ಹುಡುಗರು ಕೈಬೀಸುತ್ತಿದ್ದರು. 1979ರ ಆಗಸ್ಟ್ 11ರಂದು ಗುಜರಾತಿನಲ್ಲಿ ಮಚ್ಛು ನದಿಯ ಎರಡನೆಯ ಕಟ್ಟೆಯೊಡೆದು ಮೋರ್ಬಿ ಪಟ್ಟಣ ಮುಳುಗಿ, ಸಾವಿರಾರು ಮಂದಿ ಸತ್ತಿದ್ದರು. ಇಲಾಖೆಯಲ್ಲಿ ಆ ಮಾತು ಇನ್ನೂ ಹಸಿಯಾಗಿತ್ತು. ಮಳೆ ಜೋರಾದ ರಾತ್ರಿಗಳಲ್ಲಿ ರಾಯರು ಕಿಟಕಿಯ ಬಳಿ ಕುಳಿತು ಟೆಲಿಫೋನು ಬಾರಿಸುವುದನ್ನು ಕಾಯುತ್ತಿದ್ದರು.

"ಬಾರಿಸಲಿಲ್ಲ. ಹಗ್ಗ ತಡೆಯಿತು. ನನ್ನ ತರುವಾಯ ಬಂದವರು ಎರಡು ವರ್ಷದ ಮೇಲೆ ಹೇಗೋ ಹಣ ತಂದು ಅದನ್ನು ಬದಲಿಸಿದರಂತೆ. ನನಗೆ ಮೈಸೂರು ಸಿಕ್ಕಿತು. ಆಮೇಲೆ ಬಡ್ತಿಯೂ ಬಂತು. ಯಾವ ಪತ್ರಿಕೆಯಲ್ಲಿಯೂ ಏನೂ ಬರಲಿಲ್ಲ, ಏನೂ ಆಗಲಿಲ್ಲವಲ್ಲ!"

ಯಾರೂ ಮಾತನಾಡಲಿಲ್ಲ. ಮೇಷ್ಟರು ತಮ್ಮ ಚಪ್ಪಲಿಯ ಕಡೆ ನೋಡುತ್ತಿದ್ದರು. ಒಳಗಿನಿಂದ ಕಾಫಿಯ ಲೋಟಗಳನ್ನು ತಂದಿದ್ದ ರಾಯರ ಪತ್ನಿ ಬಾಗಿಲಲ್ಲಿ ನಿಂತೇ ಕೇಳಿದ್ದರು.

"ಆ ವರ್ಷ ಮಳೆಗಾಲವೆಲ್ಲ ನೀವು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಕೇಳಿದರೆ ಹೊಟ್ಟೆನೋವು ಎನ್ನುತ್ತಿದ್ದಿರಿ. ನಾನು ಮೂರು ತಿಂಗಳು ನಿಮಗೆ ಓಮದ ಕಷಾಯ ಮಾಡಿಕೊಟ್ಟೆ" ಎಂದರು ಆಕೆ. ಸ್ವಲ್ಪ ತಡೆದು, "ಒಂದು ಮಾತು ಹೇಳಬಾರದಾಗಿತ್ತೇ?" ಎಂದರು.

ಲೋಟವನ್ನು ಕೈಗೆ ತೆಗೆದುಕೊಂಡ ರಾಯರು ಉತ್ತರ ಕೊಡಲಿಲ್ಲ. ಮೊಮ್ಮಗಳು ಮಾತ್ರ, "ನೀವು ಸರಿಯಾಗಿ ಬರೆದಿದ್ದರೆ ಆ ರೈತರಿಗೆ ಬೆಳೆ ಹೋಗುತ್ತಿತ್ತು ಅಲ್ಲವೇ ತಾತ?" ಎಂದಳು.

"ಹೋಗುತ್ತಿತ್ತು."

"ಹಾಗಾದರೆ ಏನು ಮಾಡಬೇಕಾಗಿತ್ತು?"

"ಎರಡಡಿ ಕಡಮೆ ನೀರು ನಿಲ್ಲಿಸಿ, ಹಳ್ಳಿಹಳ್ಳಿಗೆ ಹೋಗಿ, ಹಗ್ಗವನ್ನು ತೋರಿಸಿ, ಹೀಗಿದೆಯಪ್ಪ ಎಂದು ಹೇಳಬೇಕಾಗಿತ್ತು. ಬೈಸಿಕೊಳ್ಳಬೇಕಾಗಿತ್ತು. ಬೇಕಾದರೆ ಆ ಬಟ್ಟೆಯನ್ನು ಅವರ ಕೈಗೇ ಕೊಟ್ಟು ಸವರಿ ನೋಡಿ ಎನ್ನಬೇಕಾಗಿತ್ತು" ಎಂದು ರಾಯರು ನಿಧಾನವಾಗಿ ಹೇಳಿದರು. ಈ ಉತ್ತರವನ್ನು ಅವರು ಅಂದೇ ಯೋಚಿಸಿದ್ದಲ್ಲವೆಂಬುದು ಕೇಳಿದವರಿಗೆ ಗೊತ್ತಾಗುವಂತಿತ್ತು.

ಅಂದಿನಿಂದ ಕಛೇರಿ ಪುನಃ ಆರಂಭವಾಯಿತಾದರೂ ಅದರ ರೀತಿ ಸ್ವಲ್ಪ ಬದಲಾಯಿತೆಂದು ಮೇಷ್ಟರ ಅಭಿಪ್ರಾಯ. ಕೆಂಪು ಗೆರೆಗಳು ಈಗಲೂ ಬೀಳುತ್ತವೆ. ಆದರೆ "ಅಧಿಕಾರಿಗಳ ನಿರ್ಲಕ್ಷ್ಯ" ಎಂಬ ಶೀರ್ಷಿಕೆ ಕಂಡಾಗ ಹಿಂದಿನಂತೆ ಆವೇಶದಿಂದ ಪೆನ್ಸಿಲು ಹರಿಯುವುದಿಲ್ಲ. ರಾಯರು ಸುದ್ದಿಯನ್ನು ಕಡೆಯವರೆಗೆ ಓದಿ, ಸಹಿ ಹಾಕಿದವನ ಕೆಳಗಿನವನು ಯಾರು, ಮೇಲಿನವನು ಯಾರು, ಹಣ ಕೇಳಿದ ಕಾಗದ ಎಲ್ಲಿ ನಿಂತಿತ್ತು ಎಂದು ಹುಡುಕುತ್ತಾರೆ. ಸಾಮಾನ್ಯವಾಗಿ ಪತ್ರಿಕೆಯಲ್ಲಿ ಅದು ಸಿಗುವುದಿಲ್ಲ.

ತುಂಗಭದ್ರೆಯ ಸುದ್ದಿಯನ್ನು ಮಾತ್ರ ಅವರು ಬಿಡದೆ ಕತ್ತರಿಸಿ ಇಡುತ್ತ ಬಂದರು. ತಜ್ಞರ ಸಮಿತಿ ಪರೀಕ್ಷಿಸಿ 33 ಗೇಟುಗಳನ್ನೂ ಬದಲಿಸಬೇಕೆಂದು ಹೇಳಿತು. 2025ರ ಮಳೆಗಾಲದಲ್ಲಿ ನೀರನ್ನು ಸುಮಾರು 80 ಟಿ.ಎಂ.ಸಿ. ಅಡಿಗೆ ಮಿತಗೊಳಿಸಿದರು, ಕಟ್ಟೆಯ ಸಾಮರ್ಥ್ಯ ಹೂಳು ತುಂಬಿದ ಮೇಲೆಯೂ 105ಕ್ಕೆ ಮಿಗಿಲಾಗಿದೆ. ಗೇಟುಗಳ ಕೆಲಸಕ್ಕೆಂದು ಎರಡನೆಯ ಬೆಳೆಗೆ ನೀರಿಲ್ಲವೆಂಬ ತೀರ್ಮಾನವೂ ಆ ವರ್ಷವೇ ಬಂತು. ರೈತರು ಸಿಟ್ಟಾದರು, ಸಿಟ್ಟಾಗದೆ ಇರುವುದು ಹೇಗೆ? ಒಂದು ಬೆಳೆಯೆಂದರೆ ಒಂದು ಮದುವೆ, ಒಂದು ಸಾಲದ ಕಂತು.

ಆ ಸುದ್ದಿ ಬಂದ ಬೆಳಗ್ಗೆ ರಾಯರು ಪೆನ್ಸಿಲನ್ನು ತಿರುಗಿಸಿ, ಗೇಟುಗಳೆಲ್ಲವನ್ನೂ ಬದಲಿಸುವ ವಾಕ್ಯಕ್ಕೆ ನೀಲಿ ಗೆರೆ ಎಳೆದರು. ಕೆಳಗೆ ರೈತರ ಮಾತುಗಳಿದ್ದ ಭಾಗವನ್ನು ಎರಡು ಸಲ ಓದಿ, ಅದಕ್ಕೂ ನೀಲಿ ಗೆರೆಯನ್ನೇ ಎಳೆದರು. ಮೇಷ್ಟರು ಆಶ್ಚರ್ಯದಿಂದ ನೋಡುತ್ತಿದ್ದಂತೆ ಪೆನ್ಸಿಲನ್ನು ಪುನಃ ತಿರುಗಿಸಿ, ಪತ್ರಿಕೆಯ ಅಂಚಿನಲ್ಲಿ ಕೆಂಪು ಅಕ್ಷರಗಳಲ್ಲಿ ಬರೆದರು: "ಹೊಸ ಗೇಟುಗಳಿಗೆ ಪ್ರತಿವರ್ಷ ಗ್ರೀಸಿನ ಬಾಬ್ತು ಎಷ್ಟು? ಯಾರ ವಶದಲ್ಲಿ?" ಮೊಮ್ಮಗಳು ಕಾಲೇಜಿಗೆ ಹೊರಡುವಾಗ ಆ ತುಂಡನ್ನು ಕತ್ತರಿಸಿ ನೋಟುಬುಕ್ಕಿನೊಳಗೆ ಇಟ್ಟುಕೊಂಡು ಹೋದಳು.